ಸಿಗ್ನಲ್ ಪೂರ್ತಿ ಇದೆ, ವೈಫೈ ಮಾತ್ರ ತೆವಳುತ್ತಿದೆ

ಮಂಗಳೂರಿನ ಬಿಜೈ, ಕದ್ರಿಯ ಫ್ಲ್ಯಾಟುಗಳಲ್ಲಿ, ಮಣಿಪಾಲದ ಪಿಜಿಗಳಲ್ಲಿ ರಾತ್ರಿ 9 ಆದರೆ ಒಂದೇ ದೂರು: ಮೊಬೈಲಿನಲ್ಲಿ ಕಡ್ಡಿ ಪೂರ್ತಿ, ವಿಡಿಯೊ ಮಾತ್ರ ಸುತ್ತುತ್ತಲೇ ಇದೆ. ದುಬಾರಿ ಪ್ಲ್ಯಾನ್ ಹಾಕಿಸುವ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ರೂಟರಿಗೆ ಸಿಕ್ಕಿಸಿ, ಅದೇ ಹೊತ್ತಿನಲ್ಲಿ ವೇಗ ಅಳೆಯಿರಿ. ಕೇಬಲಿನಲ್ಲಿ 100 ಎಂಬಿಪಿಎಸ್, ವೈಫೈಯಲ್ಲಿ 15 ಬಂದರೆ ಪ್ಲ್ಯಾನ್ ಬದಲಿಸಿ ಪ್ರಯೋಜನವಿಲ್ಲ, ತೊಡಕಿರುವುದು ವೈಫೈಯಲ್ಲೇ.

ವೈಫೈ ಓಡಾಡುವ ರೇಡಿಯೊ ದಾರಿಗೆ ಚಾನೆಲ್ ಎನ್ನುತ್ತಾರೆ. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರದೇ ಮಾತು. ಉಳಿದ ಉಪಕರಣಗಳು, ಪಕ್ಕದ ಮನೆಯವೂ ಸೇರಿ, ಕಾಯಬೇಕು. ಪಾಸ್‌ವರ್ಡ್ ಬೇರೆಯಾದರೂ ಸರದಿ ಒಂದೇ. 1500 ಬೈಟಿನ ಪ್ಯಾಕೆಟ್ (ಡೇಟಾದ ಒಂದು ತುಂಡು) ದಾಟಲು 144 ಎಂಬಿಪಿಎಸ್‌ನಲ್ಲಿ 0.1 ಮಿಲಿಸೆಕೆಂಡೂ ಬೇಡ. ಗೋಡೆಯಾಚೆ 1 ಎಂಬಿಪಿಎಸ್‌ಗೆ ಇಳಿದ ಹಳೇ ಕ್ಯಾಮೆರಾಕ್ಕೆ 12 ಮಿಲಿಸೆಕೆಂಡು ಬೇಕು. ಶಿರಾಡಿ ಘಾಟಿಯಲ್ಲಿ ಮುಂದೆ ಲೋಡು ಲಾರಿ ಸಿಕ್ಕಿದ ಹಾಗೆ. ಸಾಲದ್ದಕ್ಕೆ ಪ್ರತಿ ರೂಟರ್ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರು ಸಾರುತ್ತದೆ. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ನೆಟ್‌ವರ್ಕೂ ಹೀಗೇ ಸಾರುತ್ತದೆ, ಬಳಸದಿದ್ದರೆ ಮುಚ್ಚಿಬಿಡಿ.

ಈಗ ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿ, ಯಾವ ಚಾನೆಲಿನಲ್ಲಿ ಎಷ್ಟು ಜನ ಇದ್ದಾರೆಂದು ನೀವು ಕೂರುವ ಕೋಣೆಯಲ್ಲೇ ನೋಡಿ. ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು (ಹೆಚ್ಚಾಗಿ 192.168.1.1) ಬ್ರೌಸರಿನಲ್ಲಿ ತೆರೆದು, 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಚಾನೆಲಿನ ಅಗಲ 20 ಮೆಗಾಹರ್ಟ್ಸ್ ಇಡಿ. ಚಾನೆಲ್ 1, 6, 11ರಲ್ಲಿ ಜನ ಕಡಿಮೆ ಇರುವುದನ್ನು ಆರಿಸಿ. ಮೂರೂ ತುಂಬಿವೆಯೆಂದು 3ಕ್ಕೆ ಹೋಗುವುದು ಜಾಣತನವೆನಿಸೀತು, ಅಲ್ಲ. ಒಂದೇ ಚಾನೆಲಿನವರು ಒಬ್ಬರ ಮಾತು ಒಬ್ಬರಿಗೆ ತಿಳಿದು ಸರದಿ ಬಿಡುತ್ತಾರೆ. 3ರಲ್ಲಿ ಕೂತವರಿಗೆ ಎರಡೂ ಕಡೆಯಿಂದ ಬರುವುದು ಬರೀ ಗದ್ದಲ. ಕೆಟ್ಟ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಬೇಕು.

ಫೋನ್, ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ ಬ್ಯಾಂಡಿಗೆ ದಾಟಿಸಿ: ಚಾನೆಲ್ 36ರಿಂದ 48 ಅಥವಾ 149ರಿಂದ 161. ನಡುವಿನ 52ರಿಂದ 144 ಖಾಲಿ ಕಂಡರೂ ಅದೇ ತರಂಗ ಬಳಸುವ ರೇಡಾರಿನ ಸುಳಿವು ಸಿಕ್ಕೊಡನೆ ರೂಟರ್ ಅಲ್ಲಿಂದ ಎದ್ದು ಹೋಗಬಹುದು, ಸಂಪರ್ಕ ಕಡಿಯಬಹುದು. ಫ್ಲ್ಯಾಟಿನಲ್ಲಿ ಅಗಲ 80ರ ಬದಲು 40 ಮೆಗಾಹರ್ಟ್ಸ್ ಸಾಕು.

ಮುರಕಲ್ಲಿನ ಹಳೇ ಮನೆಗಳಲ್ಲಿ ಕತೆ ಬೇರೆ. ಅಲ್ಲಿ ನೆರೆಯವರ ಕಾಟ ಕಡಿಮೆ, ದಪ್ಪ ಗೋಡೆಯದೇ ಕಾಟ. 5 ಗಿಗಾಹರ್ಟ್ಸ್ ಎರಡು ಗೋಡೆ ದಾಟುವುದೇ ಕಷ್ಟ. ಅಂಗಡಿಯಲ್ಲಿ ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ಕೊಡುತ್ತಾರೆ, ಬೇಡ: ಅಗ್ಗದ್ದು ಪ್ರತಿ ಪ್ಯಾಕೆಟನ್ನೂ ಅದೇ ಚಾನೆಲಿನಲ್ಲಿ ಎರಡು ಸಲ ಕಳಿಸುತ್ತದೆ. ಕೇಬಲ್ ಎಳೆದು, ಬೇರೆ ಚಾನೆಲಿನಲ್ಲಿ ವೈಫೈ ಹರಡುವ ಇನ್ನೊಂದು ಪೆಟ್ಟಿಗೆ, ಆ್ಯಕ್ಸೆಸ್ ಪಾಯಿಂಟ್, ಇಡಿ. ಟಿವಿಗೂ ಕೇಬಲ್ ಕೊಟ್ಟರೆ ಗಾಳಿಯ ಸರದಿಯಲ್ಲಿ ಒಬ್ಬರು ಕಡಿಮೆ.

ಬದಲಾವಣೆಯ ಫಲವನ್ನು ಬೆಳಿಗ್ಗೆ 6ಕ್ಕಲ್ಲ, ರಾತ್ರಿ 9ಕ್ಕೇ ಅಳೆಯಿರಿ.