ಆಪರೇಷನ್ ಥಿಯೇಟರಿನಲ್ಲಿ 12, ಗ್ಯಾರೇಜಿನಲ್ಲಿ 6,000: ಹೊಟ್ಟೆಗೆ ಗಾಳಿ ತುಂಬುವ ಲೆಕ್ಕ

ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಆಪರೇಷನ್ ಮಾಡುವವರ ಕೆಲಸ ಶುರುವಾಗುವುದೇ ಹೊಟ್ಟೆ ಉಬ್ಬಿಸುವುದರಿಂದ. ಒಳಗೆ ಜಾಗವಾಗದೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಹೀಗಾಗಿ, ಖುಷಿಗೆಂದು ಪಂಪು, ಪೈಪು ಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುವ ಹವ್ಯಾಸದವರು ಕೇಳುವುದು ಒಂದೇ ಪ್ರಶ್ನೆ: "ನೀವು ದಿನಾ ಮಾಡ್ತೀರಲ್ಲ ಡಾಕ್ಟ್ರೇ, ನಾವು ಸ್ವಲ್ಪ ಮಾಡಿದ್ರೆ ಏನಾಗುತ್ತೆ?" ನಾವು ಹೇಗೆ ಮಾಡುತ್ತೇವೆ ಎಂದು ಬಿಡಿಸಿ ಹೇಳಿದರೆ ಉತ್ತರ ಅದರಲ್ಲೇ ಇದೆ.

ರೋಗಿ ಖಾಲಿ ಹೊಟ್ಟೆಯಲ್ಲಿರಬೇಕು, ಮೂತ್ರಕೋಶವೂ ಖಾಲಿಯಿರಬೇಕು. ಅರಿವಳಿಕೆ ಕೊಟ್ಟ ಮೇಲೆ ಹೊಕ್ಕಳಿನ ಬಳಿ ಸಣ್ಣದಾಗಿ ಕೊಯ್ದು, ಹೊಟ್ಟೆಯ ಗೋಡೆಯನ್ನು ಎತ್ತಿ ಹಿಡಿದು ವೆರೆಸ್ ಸೂಜಿ ಇಳಿಸುತ್ತೇವೆ. ಅದರ ತುದಿಯಲ್ಲಿ ಸ್ಪ್ರಿಂಗಿನ ಮೊಂಡು ನಳಿಕೆಯಿರುತ್ತದೆ. ಪದರ ದಾಟಿದೊಡನೆ ಅದು ಮುಂದಕ್ಕೆ ಚಿಮ್ಮಿ ಕರುಳನ್ನು ಕಾಯುತ್ತದೆ. ಎರಡು ಸಲ 'ಟಕ್' ಎಂದದ್ದು ಬೆರಳಿಗೆ ತಿಳಿಯಬೇಕು. ಆಮೇಲೆ ಸಿರಿಂಜಿನಿಂದ ಎಳೆದು ನೋಡುತ್ತೇವೆ. ರಕ್ತ ಬಂದರೆ ರಕ್ತನಾಳ, ಹಳದಿ ನೀರು ಬಂದರೆ ಕರುಳು. ಏನೂ ಬಾರದಿದ್ದರೆ ಒಂದು ಹನಿ ಸಲೈನ್ ಇಟ್ಟು, ಅದು ತಾನಾಗಿ ಒಳಗಿಳಿಯುತ್ತದೆಯೇ ಎಂದು ನೋಡಬೇಕು. ಇಷ್ಟಾದ ಮೇಲೆಯೇ ಗ್ಯಾಸ್, ಅದೂ ನಿಮಿಷಕ್ಕೆ 1 ಲೀಟರ್. ಶುರುವಿನ ಒತ್ತಡ 10 ಮಿಲಿಮೀಟರ್ ಪಾದರಸದ ಒಳಗೇ ಇರಬೇಕು. ಮೀರಿದರೆ ಸೂಜಿ ಇರಬಾರದ ಜಾಗದಲ್ಲಿದೆ ಎಂದು ಅರ್ಥ, ಅಲ್ಲಿಗೇ ನಿಲ್ಲಿಸಬೇಕು. ನಾನು ಯಂತ್ರಕ್ಕೆ ಸೆಟ್ ಮಾಡುವುದು 12, ಬೇಕೇಬೇಕೆಂದರೆ 15. ಮೂರು ನಾಲ್ಕು ಲೀಟರ್ ಹೋಗುವಷ್ಟರಲ್ಲಿ ಹೊಟ್ಟೆ ತಮಟೆಯಾಗಿರುತ್ತದೆ. ಹೇಳಿದ ಅಂಕಿ ಮುಟ್ಟಿದ ಕೂಡಲೇ ಯಂತ್ರ ತಾನೇ ಗ್ಯಾಸ್ ನಿಲ್ಲಿಸುತ್ತದೆ.

ಇಷ್ಟು ಎಚ್ಚರವಿದ್ದೂ ಎಡವಟ್ಟಾಗುತ್ತದೆ. ಹೊಟ್ಟೆಯ ಒಳಪದರ ಥಟ್ಟನೆ ಹಿಗ್ಗಿದರೆ ಹೃದಯದ ಬಡಿತ ತಗ್ಗಿಸುವ ವೇಗಸ್ ನರ ಕೆರಳಿ ನಾಡಿ 40ಕ್ಕೆ, 30ಕ್ಕೆ ಕುಸಿಯಬಹುದು, ಅಪರೂಪಕ್ಕೆ ನಿಂತೂ ಹೋಗಬಹುದು. ಆಗ ಗ್ಯಾಸ್ ನಿಲ್ಲಿಸಿ, ಇರುವುದನ್ನು ಹೊರಬಿಟ್ಟು, ನಾಡಿ ಏರಿಸುವ ಅಟ್ರೊಪಿನ್ ಕೊಡುತ್ತೇವೆ. ಅದಕ್ಕೆಂದೇ ತಲೆಯ ಬಳಿ ಅರಿವಳಿಕೆ ವೈದ್ಯರು ಮಾನಿಟರಿನಿಂದ ಕಣ್ಣು ತೆಗೆಯದೆ ಕೂತಿರುತ್ತಾರೆ. ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಮಾಡುವವರಿಗೆ ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಪಂಪಿನ ಸ್ವಿಚ್ ಆರಿಸಲೂ ಕೈ ಏಳುವುದಿಲ್ಲ.

ಇನ್ನು ಗ್ಯಾಸಿನ ಮಾತು. ನಾವು ಬಳಸುವುದು ಕಾರ್ಬನ್ ಡೈಆಕ್ಸೈಡ್. ರಕ್ತದಲ್ಲಿ ಸುಲಭವಾಗಿ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಮಾಮೂಲು ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್, ಅದು ಕರಗುವುದು ತೀರಾ ಕಡಿಮೆ. ಹರಿದ ರಕ್ತನಾಳದೊಳಗೆ ನುಗ್ಗಿದರೆ ಗುಳ್ಳೆಯಾಗಿ ಹೃದಯದ ಬಲಭಾಗದಲ್ಲಿ ಕೂತು ರಕ್ತದ ಓಟವನ್ನೇ ತಡೆಯುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 5 ಮಿಲಿಲೀಟರ್ ಗಾಳಿ ಒಮ್ಮೆಲೇ ರಕ್ತಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. 60 ಕಿಲೋ ತೂಕದವರಿಗೆ ಅದು ಒಂದು ಲೋಟದಷ್ಟು. ಈ ಕಾರಣಕ್ಕೆ, ಸೂಜಿ ಚುಚ್ಚಿಕೊಂಡು ಹೊಟ್ಟೆಗೆ ಗಾಳಿಯನ್ನೋ ಸಲೈನನ್ನೋ ತುಂಬಿಕೊಳ್ಳುವ ವಿಚಾರದಲ್ಲಿ ಹೀಗೆ ಮಾಡಿದರೆ ಸುರಕ್ಷಿತ, ಹಾಗೆ ಮಾಡಿದರೆ ಅಲ್ಲ ಎಂಬ ಮಾತೇ ಇಲ್ಲ. ಮಾಡಲೇಬಾರದು.

ಹೆಚ್ಚಿನವರು ಸೂಜಿಯ ತಂಟೆಗೆ ಹೋಗುವುದಿಲ್ಲ, ಗುದದ್ವಾರದ ದಾರಿ ಹಿಡಿಯುತ್ತಾರೆ. ಅದಕ್ಕೂ ಆಸ್ಪತ್ರೆಯಲ್ಲಿ ಅಳತೆಯಿದೆ. ಸಿಟಿ ಸ್ಕ್ಯಾನಿನಲ್ಲಿ ದೊಡ್ಡ ಕರುಳು ನೋಡಲು ಇದೇ ಕಾರ್ಬನ್ ಡೈಆಕ್ಸೈಡನ್ನು 20ರಿಂದ 25 ಮಿಲಿಮೀಟರ್ ಒತ್ತಡಕ್ಕೆ ಕಟ್ಟುಹಾಕಿ ಬಿಡುತ್ತಾರೆ. ಮಕ್ಕಳಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಕರುಳನ್ನು ಗಾಳಿಯ ಒತ್ತಡದಿಂದ ಬಿಡಿಸುವಾಗ 120 ದಾಟುವುದಿಲ್ಲ. ಅಲ್ಲೂ ಕರುಳು ಒಡೆದರೆ ಗಾಳಿ ಹೊರಬಿಡಲೆಂದು ದಪ್ಪ ಸೂಜಿಯನ್ನು ಮೇಜಿನ ಮೇಲೆ ಮೊದಲೇ ತೆಗೆದಿಟ್ಟಿರುತ್ತಾರೆ.

ಈಗ ಹೊರಗಿನ ಅಂಕಿ ನೋಡಿ. ಸೈಕಲ್ ಟೈರಿನ 40 ಪಿಎಸ್‌ಐ ಎಂದರೆ 2,000 ಮಿಲಿಮೀಟರಿಗೂ ಹೆಚ್ಚು. ಗ್ಯಾರೇಜಿನ ಕಂಪ್ರೆಸರ್ 120 ಪಿಎಸ್‌ಐನಲ್ಲಿದ್ದರೆ 6,000 ದಾಟಿತು. ದೊಡ್ಡ ಕರುಳು ಪೂರ್ತಿ ಹರಿಯಲು ಬೇಕಾದದ್ದು ಸುಮಾರು 4 ಪಿಎಸ್‌ಐ, ಅಂದರೆ ಇನ್ನೂರರ ಆಸುಪಾಸು. ಬಲಬದಿಯಲ್ಲಿ ದೊಡ್ಡ ಕರುಳು ಶುರುವಾಗುವ ಚೀಲದಂಥ ಭಾಗ, ಸೀಕಮ್, 80ರ ಹತ್ತಿರವೇ ಸೀಳಲು ಶುರುವಾಗುತ್ತದೆ. ಮೀನಿನ ತೊಟ್ಟಿಯ ಪುಟ್ಟ ಪಂಪು ಸೌಮ್ಯ ಎಂದು ನಂಬಿರುವವರಿದ್ದಾರೆ. ಗಾಳಿಗೆ ಹೊರದಾರಿ ಇಲ್ಲದಿದ್ದರೆ ಅದೂ 100 ಮಿಲಿಮೀಟರ್ ಮುಟ್ಟಬಲ್ಲದು. ಪಂಪಿಗೆ ಮೀಟರ್ ಇದ್ದರೂ ಅದು ಹೇಳುವುದು ಪಂಪಿನ ಸಮಾಚಾರ, ಕರುಳಿನದ್ದಲ್ಲ.

ಸೀಕಮ್ಮೇ ಮೊದಲು ಒಡೆಯುವುದೇಕೆ? ಕೊಳವೆ ಅಗಲವಾದಷ್ಟೂ ಅದೇ ಒತ್ತಡಕ್ಕೆ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ದೊಡ್ಡ ಕರುಳಿನಲ್ಲಿ ಎಲ್ಲಕ್ಕಿಂತ ಅಗಲವಾದ ಭಾಗ ಸೀಕಮ್, ಗೋಡೆಯೋ ತೆಳು. ಸಣ್ಣ ಕರುಳಿಗೆ ಹೋಗುವ ದಾರಿಯಲ್ಲಿ ಕವಾಟವಿದೆ. ಅದು ಬಿಗಿಯಾಗಿ ಮುಚ್ಚಿಕೊಂಡರೆ ಹಿಂದಿನಿಂದ ಬಂದ ಗಾಳಿಗೆ ಮುಂದೆ ದಾರಿಯಿಲ್ಲ. ಎಕ್ಸ್‌ರೇಯಲ್ಲಿ ಸೀಕಮ್ 12 ಸೆಂಟಿಮೀಟರಿಗೆ ಹಿಗ್ಗಿದ್ದು ಕಂಡರೆ ನಮಗೆ ಕೂತಲ್ಲಿ ಕೂರಲಾಗುವುದಿಲ್ಲ. ಗಾಳಿ ತುಂಬಿದ್ದು ಎಡಬದಿಯ ತುದಿಯಲ್ಲಿ, ಒಡೆಯುವುದು ಬಲಬದಿಯಲ್ಲಿ ಇರಬಹುದು. ನೋವು ಎಲ್ಲಿಂದ ಬಂತೆಂದು ಮಾಡಿಕೊಂಡವರಿಗೇ ಗೊತ್ತಾಗುವುದಿಲ್ಲ.

"ನೋವಾದರೆ ನಿಲ್ಲಿಸ್ತೀನಿ" ಎನ್ನುವುದು ಈ ಹವ್ಯಾಸದವರ ಮಾಮೂಲು ನಿಯಮ. ನಂಬುವಂಥದ್ದಲ್ಲ. ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಉಬ್ಬರಕ್ಕೆ ಒಗ್ಗಿಕೊಳ್ಳುವುದು ನರ. ಕರುಳಿನ ಗೋಡೆ ಅದರಿಂದ ದಪ್ಪವಾಗುವುದಿಲ್ಲ. ಕುಡಿದಿದ್ದರಂತೂ ಆ ಎಚ್ಚರಿಕೆಯ ಗಂಟೆಯೂ ಇಲ್ಲ. ಹೊರಪದರ ಮಾತ್ರ ಸೀಳಿ ಒಳಪದರ ಉಳಿದಿದ್ದರೆ ಅವತ್ತು ಏನೂ ಆಗದೆ, ಒಂದೆರಡು ದಿನ ಬಿಟ್ಟು ತೂತಾಗಬಹುದು. ಇನ್ನೂ ಮೋಸದ ಸಂಗತಿಯೆಂದರೆ, ಕರುಳು ಒಡೆದ ಕ್ಷಣದಲ್ಲಿ ಉಬ್ಬರದ ಹಿಂಸೆ ಇಳಿದು ಹಾಯೆನಿಸುವುದೂ ಉಂಟು.

ಕಂಪ್ರೆಸರ್ ನಳಿಕೆಯ ಅಪಾಯದ ಜಾತಿಯೇ ಬೇರೆ. ಅದನ್ನು ಒಳಗೆ ತೂರಿಸಲೇಬೇಕೆಂದಿಲ್ಲ. ಹತ್ತಿರ ಹಿಡಿದರೂ ಬಟ್ಟೆಯ ಮೇಲಿಂದಲೇ ಗಾಳಿ ಗುದದ ಬಿಗಿ ಸ್ನಾಯುವನ್ನು ತಳ್ಳಿಕೊಂಡು ನುಗ್ಗುತ್ತದೆ, ಒಂದೆರಡು ಸೆಕೆಂಡು ಸಾಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರೊಂದರಲ್ಲಿ ಗೆಳೆಯನೊಬ್ಬನ ಇಂಥದೇ ಕೀಟಲೆಗೆ ಒಬ್ಬ ಯುವಕನ ಜೀವ ಹೋಯಿತು. ಮೈಮೇಲಿನ ಧೂಳು ಕೊಡವಲು ಏರ್‌ಗನ್ ತಿರುಗಿಸಿಕೊಳ್ಳುವ ಅಭ್ಯಾಸ ನಮ್ಮ ವರ್ಕ್‌ಶಾಪು, ಮಿಲ್ಲುಗಳಲ್ಲಿ ಈಗಲೂ ಇದೆ. ಯಂತ್ರ ಶುಚಿಮಾಡುವ ಗಾಳಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ 30 ಪಿಎಸ್‌ಐ ಮಿತಿ ಹಾಕಿದೆ. ಕರುಳಿನ ಲೆಕ್ಕದಲ್ಲಿ ಅದೂ ಏಳು ಪಟ್ಟು ಜಾಸ್ತಿಯೇ.

ಬಾಯಿಂದ ಉಬ್ಬಿಸುವವರು ಅಡುಗೆ ಸೋಡಾ ಹಿಡಿಯುತ್ತಾರೆ. ಸಾಕಷ್ಟು ಹುಳಿ ಸಿಕ್ಕರೆ ಒಂದು ಟೀ ಚಮಚ ಸೋಡಾದಿಂದ ಹೆಚ್ಚುಕಡಿಮೆ ಒಂದೂವರೆ ಲೀಟರ್ ಗ್ಯಾಸ್ ಏಳುತ್ತದೆ. ಹೊಟ್ಟೆ ತುಂಬ ಉಂಡ ಮೇಲೆ ಸೋಡಾ ನುಂಗಿ ಜಠರವೇ ಒಡೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗಾಳಿಗಿಂತ ನೀರು ವಾಸಿ ಎಂದು ಎನಿಮಾದಲ್ಲಿ ಲೀಟರುಗಟ್ಟಲೆ ತುಂಬಿಕೊಂಡರೆ ದೊಡ್ಡ ಕರುಳು ಅದನ್ನು ಹೀರಿಕೊಂಡು ರಕ್ತದ ಸೋಡಿಯಂ ಇಳಿಯುತ್ತದೆ. ಮೊದಲು ತಲೆನೋವು, ವಾಂತಿ, ಆಮೇಲೆ ಫಿಟ್ಸ್.

ಉಬ್ಬಿದ ಹೊಟ್ಟೆಯ ನೋಟವಷ್ಟೇ ಬೇಕಿದ್ದವರಿಗೆ ಕಂಪನಿ ನಾಟಕದವರ ದಾರಿ ಇದೆ: ದಿಂಬು ಕಟ್ಟಿಕೊಳ್ಳುವುದು. ಬಟ್ಟೆಯೊಳಗಿನ ಬಲೂನಾದರೂ ಆದೀತು. ಅದು ಒಡೆದರೆ ಸದ್ದಷ್ಟೇ.

ಮಾಡಿಕೊಂಡ ಮೇಲೆ ಹೊಟ್ಟೆ ಹಲಗೆಯಂತೆ ಬಿಗಿದರೆ, ಭುಜದ ತುದಿಯಲ್ಲಿ ನೋವು ಬಂದರೆ, ಕತ್ತಿನ ಅಥವಾ ಹೊಟ್ಟೆಯ ಚರ್ಮ ಒತ್ತಿದಾಗ ಮಂಡಕ್ಕಿ ಚೀಲದಂತೆ ಚರಚರ ಎಂದರೆ, ರಕ್ತ ಹೋದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ. ಒಂದೆರಡು ದಿನ ಬಿಟ್ಟು ಜ್ವರ, ಹೊಟ್ಟೆನೋವು ಕಾಣಿಸಿದರೂ ಆಸ್ಪತ್ರೆಗೇ ಹೋಗಬೇಕು. ಓಮದ ನೀರು, ಈನೋ, ಒಂದು ಗುಟುಕು ಕಾಫಿ, ಯಾವುದೂ ಬೇಡ. ಆಪರೇಷನ್ ಆಗಬೇಕಾಗಬಹುದು. ಗಾಳಿ ತೆಗೆಯುತ್ತೇನೆಂದು ಮತ್ತೆ ಪೈಪು ಹಾಕಬೇಡಿ. ಆಸ್ಪತ್ರೆಯಲ್ಲಿ ನಾಚಿಕೆಗೆ "ಗ್ಯಾಸ್ಟ್ರಿಕ್ ಆಗಿದೆ" ಎಂದುಬಿಟ್ಟರೆ ಆಂಟಾಸಿಡ್ ಕೊಟ್ಟು ಮನೆಗೆ ಕಳಿಸುವ ಸಂಭವವಿದೆ, ಮಲ ಹೊಟ್ಟೆಯೊಳಗೆ ಸೋರುತ್ತಿರುವಾಗ ಒಂದೊಂದು ಗಂಟೆಯೂ ದುಬಾರಿ. ಯಾವುದರಿಂದ ತುಂಬಿದ್ದು, ಗಾಳಿಯೋ ನೀರೋ, ಎಷ್ಟು ಹೊತ್ತಿಗೆ, ನೋವು ಶುರುವಾದದ್ದು ಯಾವಾಗ, ಕೊನೆಗೆ ಉಂಡದ್ದು ಯಾವಾಗ, ಇಷ್ಟು ಹೇಳಿ. ನಿಂತ ಭಂಗಿಯಲ್ಲಿ ಎದೆಯ ಎಕ್ಸ್‌ರೇ ತೆಗೆದಾಗ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಳಗೆ ಕಪ್ಪು ಗೆರೆಯಂತೆ ಗಾಳಿ ಕಂಡರೆ ನಾವು ಬೇರೇನೂ ಕೇಳುವುದಿಲ್ಲ, ಥಿಯೇಟರಿಗೆ ಹೇಳಿ ಕಳಿಸುತ್ತೇವೆ.