ಕಡಲು ಕೈಕೊಟ್ಟಿತು, ದೋಸೆ ಕಾವಲಿ ಕೈ ಹಿಡಿಯಿತು

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಹಿಪ್ನೊಥೆರಪಿ (ಸಮ್ಮೋಹನ ಚಿಕಿತ್ಸೆ) ಶುರು ಮಾಡುತ್ತೇನೆ ಅಂದಾಗ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ. "ಬಾಡಿಗೆಯಾದ್ರೂ ಹುಟ್ಟುತ್ತೇನೋ?" ಮೊದಲ ಎರಡು ವರ್ಷ ಹುಟ್ಟಲಿಲ್ಲ. ಕೋರ್ಸಿಗೆ 45 ಸಾವಿರದ ಹತ್ತಿರ ಹೋಗಿತ್ತು. ಒಬ್ಬ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಗಂಟೆಗೆ 300. ಉಲ್ಲಾಸನಗರದಿಂದ 17-18 ಸಾವಿರ ಕೊಟ್ಟು ತಂದ ರಿಕ್ಲೈನರ್ ಕುರ್ಚಿಯಂತೂ ಕ್ಲೈಂಟ್ ಚೂರು ಅಲುಗಾಡಿದರೆ ಕಿರ್ ಅನ್ನುತ್ತಿತ್ತು, ಕಷ್ಟಪಟ್ಟು ಕಟ್ಟಿದ ಟ್ರಾನ್ಸ್, ಅಂದರೆ ಆ ಸಮ್ಮೋಹನದ ಸ್ಥಿತಿ, ಅಲ್ಲಿಗೆ ಮುಗಿಯಿತು. ಆರು ಸಾವಿರಕ್ಕೆ ಮಾರಿದೆ. ಈಗ ಬೆತ್ತದ ಕುರ್ಚಿ, ಒಂದು ದಿಂಬು, ಅಷ್ಟೇ.

ಸಿಗರೇಟು ಬಿಡಿಸುವುದು ಸುಲಭದ ದುಡ್ಡು ಅಂದುಕೊಂಡಿದ್ದೆ. ಒಂಬತ್ತೋ ಹತ್ತೋ ಜನ ಬಂದರು, ಆರು ತಿಂಗಳಾದ ಮೇಲೂ ಬಿಟ್ಟೇ ಇದ್ದವರು ಇಬ್ಬರು. ಇನ್ನೊಬ್ಬರು ನಿಜವಾಗಿಯೂ ನಿದ್ದೆ ಮಾಡಿ ಗೊರಕೆ ಹೊಡೆದರು, ಎದ್ದು ದುಡ್ಡು ವಾಪಸ್ ಕೇಳಿದರು. ಕೊಟ್ಟೆ. ಈ ನಿದ್ದೆಯ ಗೊಂದಲ ಹಳೆಯದು ಬಿಡಿ. ಸ್ಕಾಟಿಷ್ ಸರ್ಜನ್ ಜೇಮ್ಸ್ ಬ್ರೇಡ್ 1843ರ ಪುಸ್ತಕದಲ್ಲಿ 'ಹಿಪ್ನೊಸ್' ಅನ್ನುವ ಗ್ರೀಕರ ನಿದ್ದೆಯ ಪದ ಹಿಡಿದು ಇದಕ್ಕೆ ಹೆಸರಿಟ್ಟ, ಆಮೇಲೆ ಅವನೇ ಬದಲಿಸಲು ನೋಡಿದ, ಜನ ಬಿಡಲಿಲ್ಲ. ಇವತ್ತಿಗೂ ನನ್ನ ಮೊದಲ ಇಪ್ಪತ್ತು ನಿಮಿಷ "ನೀವು ಮಲಗುವುದಿಲ್ಲ, ಪಕ್ಕದ ಮನೆಯ ಕುಕ್ಕರ್ ಸೀಟಿ ಕೇಳಿಸುತ್ತದೆ, ಬೇಕೆಂದಾಗ ಕಣ್ಣು ಬಿಡಬಹುದು" ಅಂತ ಹೇಳುವುದರಲ್ಲೇ ಹೋಗುತ್ತದೆ. ಇಷ್ಟು ಹೇಳಿದರೂ ಮುಗಿದ ಮೇಲೆ "ನಾನು ಎಚ್ಚರವೇ ಇದ್ದೆನಲ್ವಾ, ಕೆಲಸ ಮಾಡಿತಾ?" ಅನ್ನುತ್ತಾರೆ.

ಒಂದು ತಪ್ಪು ಮಾತ್ರ ಈಗಲೂ ಚುಚ್ಚುತ್ತದೆ. ಕಳೆದ ಚಿನ್ನದ ಸರ ಎಲ್ಲಿಟ್ಟೆ ಅಂತ ನೆನಪು ಮಾಡಿಸಿ ಎಂದು ಒಬ್ಬಾಕೆ ಬಂದರು. ಮಾಡಬಾರದಿತ್ತು, ಮಾಡಿದೆ. ಅವರಿಗೆ ಕೆಲಸದವಳು ಕಪಾಟು ತೆಗೆದದ್ದು ಕಣ್ಣಿಗೆ ಕಟ್ಟಿದ ಹಾಗೆ "ಕಂಡಿತು". ಎರಡು ವಾರದ ಮೇಲೆ ಸರ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು. ಅಂದಿನಿಂದ ನೆನಪು ಕೆದಕುವ ಕೆಲಸ ಬಂದ್.

ಈಗ ಮುಖ್ಯ ವಿಷಯ. ಕುಂದಾಪುರ ಕಡೆಯವರೊಬ್ಬರು, ಮುಲುಂಡ್‌ನ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ಇಪ್ಪತ್ತು ವರ್ಷ ನಿಂತವರು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಐಬಿಎಸ್, ಅಂದರೆ ಹೊಟ್ಟೆನೋವು ಕೊಟ್ಟು ಆಗಾಗ ಟಾಯ್ಲೆಟ್ಟಿಗೆ ಓಡಿಸುವ ಕರುಳಿನ ತೊಂದರೆ. ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲವಲ್ಲ, ದಿನಾ ದಾರಿಯಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಓಡುತ್ತಿದ್ದರು. ಹೊಟ್ಟೆ ಡಾಕ್ಟರ ರಿಪೋರ್ಟ್ ಇಲ್ಲದೆ ನಾನು ಯಾರನ್ನೂ ಕೂರಿಸುವುದಿಲ್ಲ, ಮಲದಲ್ಲಿ ರಕ್ತ, ತೂಕ ಇಳಿಯುವುದು ಅಂದರೆ ಸೀದಾ ವಾಪಸ್. ಇವರದೆಲ್ಲ ನಾರ್ಮಲ್ ಇತ್ತು. ಮ್ಯಾಂಚೆಸ್ಟರ್‌ನಲ್ಲಿ ವೋರ್‌ವೆಲ್ ಅನ್ನುವ ಹೊಟ್ಟೆ ಡಾಕ್ಟರು 1984ರಲ್ಲಿ 30 ಜನ ಐಬಿಎಸ್‌ನವರ ಮೇಲೆ ಮಾಡಿ ನೋಡಿದ ದಾರಿಯನ್ನೇ ಹಿಡಿದೆ, ಕೈ ಹೊಟ್ಟೆಯ ಮೇಲೆ ಇಡಿಸಿ ಕರುಳು ತಣ್ಣಗಾಗುವ ಹಾಗೆ ಟ್ರಾನ್ಸ್‌ನಲ್ಲಿ ಹೇಳುವುದು. ಸ್ಕ್ರಿಪ್ಟ್, ಅಂದರೆ ಟ್ರಾನ್ಸ್‌ಗೆ ಇಳಿಸಲು ಹೇಳುವ ಮಾತುಗಳು, ಮಾತ್ರ ಕೋರ್ಸಿನದು. ಮೆಟ್ಟಿಲು, ಮರಳು, ತಣ್ಣನೆ ಕಡಲು. ಎರಡು ಸೆಷನ್ ಆದರೂ ಅವರ ದವಡೆ ಬಿಗಿಯಾಗಿಯೇ ಇತ್ತು. ಮೂರನೆಯದರಲ್ಲಿ ಕಣ್ಣು ಬಿಟ್ಟೇಬಿಟ್ಟರು. "ಮಾರಾಯ್ರೆ, ಕಡಲು ಬೇಡ. ಅಪ್ಪಯ್ಯ ದೋಣಿಯಲ್ಲಿ ಹೋದ್ರೆ ಅಮ್ಮ ರಾತ್ರಿಯಿಡೀ ಬಾಗಿಲಲ್ಲೇ ಕೂತಿರ್ತಿದ್ರು."

ಮುಖಕ್ಕೆ ಹೊಡೆದ ಹಾಗಾಯಿತು. ಆ ದಿನ ಟ್ರಾನ್ಸ್ ಬಿಟ್ಟು ಸುಮ್ನೆ ದೋಸೆ ಬಗ್ಗೆ ಮಾತಾಡಿದೆವು. ಕಾವಲಿ ಜಾಸ್ತಿ ಕಾದರೆ ಏನು ಮಾಡುತ್ತೀರಿ? ಉರಿ ಸಣ್ಣ ಮಾಡಿ, ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಒಂದು ಗಳಿಗೆ ಕಾಯುವುದು. ಅದನ್ನೇ ಸಜೆಶನ್, ಅಂದರೆ ಟ್ರಾನ್ಸ್‌ನಲ್ಲಿ ಕೊಡುವ ಸೂಚನೆ, ಮಾಡಿದೆ. ಕೈ ಹೊಟ್ಟೆಯ ಮೇಲೆ, ಹೊಟ್ಟೆಯೇ ಕಾವಲಿ, ಚುಯ್ ಅನ್ನುವ ಸದ್ದು ನಿಧಾನಕ್ಕೆ ಇಳಿಯುತ್ತದೆ. ಉರಿ ಸಣ್ಣ ಮಾಡುವುದಕ್ಕೂ ನೀರು ಚಿಮುಕಿಸುವುದಕ್ಕೂ ಮಧ್ಯೆ ಒಂದು ಮಾತು ಹೇಳುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಿಗಲು ಮೂರು ವರ್ಷ ಹಿಡಿದಿದೆ, ಸ್ವಲ್ಪ ನನ್ನ ಹೊಟ್ಟೆಪಾಡೂ ನೋಡಬೇಕಲ್ವಾ? ಹನ್ನೊಂದು ನಿಮಿಷದ ರೆಕಾರ್ಡಿಂಗ್ ಕೊಟ್ಟೆ, ಅವರು ಪಾಪ ದಿನಾ ಕೇಳಿದರು. ಏಳನೇ ಸೆಷನ್ ಹೊತ್ತಿಗೆ ಠಾಣೆಯಲ್ಲಿ ಇಳಿಯುವುದು ವಾರಕ್ಕೆ ಒಮ್ಮೆಗೆ ಬಂದಿತ್ತು. ಹೊಟ್ಟೆ ಪೂರ್ತಿ ಸರಿಹೋಗಿಲ್ಲ, ಮೊಸರು-ಮೆಣಸಿನಕಾಯಿಗೆ ಈಗಲೂ ಕೆಡುತ್ತದೆ.

ಜತೆಗೆ ಕೋರ್ಸು ಮಾಡಿದವರು ನಕ್ಕಿದ್ದರು, "ದೋಸೆ ಥೆರಪಿ" ಅಂತ. ಆಮೇಲೆ ಹೊಟ್ಟೆಯವರೇ ಹದಿನಾಲ್ಕೋ ಹದಿನೈದೋ ಜನ ಆದರು, ಒಂಬತ್ತು ಜನಕ್ಕೆ ಚೆನ್ನಾಗಿ ಇಳಿಯಿತು, ಇಬ್ಬರಿಗೆ ಏನೇನೂ ಇಲ್ಲ. ಎಲ್ಲರಿಗೂ ಕಾವಲಿ ಅಲ್ಲ, ಅವರವರ ಕಸುಬು. ಫೀಸು 800ರಿಂದ 1,500ಕ್ಕೆ ಏರಿದೆ. ನಕ್ಕವರಲ್ಲಿ ಇಬ್ಬರು ಈಗ ಸ್ಕ್ರಿಪ್ಟ್ ಕೇಳುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಹತ್ತರಿಂದ ಒಂದು ಎಣಿಸುವ ಬದಲು ಡೊಂಬಿವ್ಲಿ, ಕೋಪರ್, ದಿವಾ, ಮುಂಬ್ರಾ ಅಂತ ಸ್ಲೋ ಲೋಕಲ್ ಸ್ಟೇಷನ್‌ಗಳಲ್ಲಿ ಡೀಪನಿಂಗ್, ಅಂದರೆ ಟ್ರಾನ್ಸ್‌ನ ಇನ್ನೂ ಆಳಕ್ಕೆ ಇಳಿಸುವುದು. ಬ್ಯಾಂಕಿನವರೊಬ್ಬರಿಗೆ ಭರ್ಜರಿ ಹಿಡಿಯಿತು. ಖುಷಿಯಲ್ಲಿ ಇನ್ನೊಬ್ಬರನ್ನು ಪಾರ್ಸಿಕ್ ಸುರಂಗದ ತಂಪು ಕತ್ತಲೆಗೆ ಕರೆದುಕೊಂಡು ಹೋದೆ. ಅವರು ನಗುತ್ತ ಎದ್ದು ಕೂತರು, "ಸರ್, ಸ್ಲೋ ಗಾಡಿ ಸುರಂಗಕ್ಕೆ ಹೋಗಲ್ಲ!"

ಈಗ ಹಲ್ಲು ಕಡಿಯುವ ಒಬ್ಬ ಟೇಲರ್ ಅಕ್ಕ ಬರುತ್ತಿದ್ದಾರೆ, ಮರಾಠಿಯವರು. ಹೊಲಿಗೆ ಮೆಷಿನ್ ಹಿಡಿದು ಮೂರು ಸೆಷನ್ ಆಯಿತು, ಇನ್ನೂ ಹತ್ತಿಲ್ಲ. ನನ್ನ ಮರಾಠಿಯ ತಪ್ಪೋ, ಮೆಷಿನ್ನಿನ ತಪ್ಪೋ, ಮುಂದಿನ ಶನಿವಾರ ಅವರ ಅಂಗಡಿಗೇ ಹೋಗಿ ಒಂದು ಗಂಟೆ ಕೂತು ನೋಡುತ್ತೇನೆ.