ಆ್ಯಪ್ ಕ್ಯಾಬ್ ಅಪಘಾತ: ಕಳೆದುಕೊಂಡ ಸಂಬಳ ಕೇಳುವುದು ಹೇಗೆ

ಓಲಾ, ಊಬರ್‌ನಲ್ಲಿ ಹೋಗುವಾಗ ಅಪಘಾತವಾಗಿ ಕೆಲಸಕ್ಕೆ ಹೋಗಲಾಗದಿದ್ದರೆ, ಆಸ್ಪತ್ರೆ ಬಿಲ್ ಜೊತೆಗೆ ಆ ಅವಧಿಯ ಸಂಬಳವನ್ನೂ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಕೇಳಬಹುದು. ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಿಬಿಡಿ. ನೀವು ವಾಸವಿರುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಮೊದಲು ಟ್ರಿಪ್ ವಿವರದ ಸ್ಕ್ರೀನ್‌ಶಾಟ್, ಗಾಡಿ ನಂಬರ್, ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ. ವೈಟ್ ಬೋರ್ಡ್ ಗಾಡಿಯಾಗಿದ್ದರೆ, ಅಂದರೆ ಬಾಡಿಗೆಗೆ ಓಡಿಸಲು ನೋಂದಣಿಯಾಗದ ಖಾಸಗಿ ಗಾಡಿಯಾಗಿದ್ದರೆ, ಫೋಟೊ ಕೂಡ ಬೇಕು. ಬಾಡಿಗೆಗೆ ಓಡಿಸಿ ಪಾಲಿಸಿ ಷರತ್ತು ಮುರಿದಿದ್ದಾರೆ ಅಂತ ವಿಮಾ ಕಂಪನಿ ತಗಾದೆ ತೆಗೆಯಬಹುದು.

ಕೇಸು ಸಡಿಲವಾಗುವುದು ಹೆಚ್ಚಾಗಿ ರಜೆಯ ಲೆಕ್ಕದಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಎರಡು ವಾರ ಬಿಟ್ಟು ಬನ್ನಿ' ಅಂತಷ್ಟೇ ಇದ್ದರೆ, ಮೂರು ತಿಂಗಳ ಸಂಬಳ ಕೇಳಲು ಆಧಾರವೇ ಇರುವುದಿಲ್ಲ. ಪ್ರತಿ ಸಲ ತೋರಿಸಲು ಹೋದಾಗಲೂ ಇಂಥ ತಾರೀಖಿನವರೆಗೆ ವಿಶ್ರಾಂತಿ ಅಂತ ಡಾಕ್ಟರ ಕೈಲಿ ಬರೆಸಿ, ಸೀಲು ಹಾಕಿಸಿ. ಆಫೀಸಿನ ಪತ್ರದಲ್ಲಿ ಗೈರಾದ ದಿನಗಳು, ಕಡಿತವಾದ ಮೊತ್ತ, ಖರ್ಚಾದ ಗಳಿಕೆ ರಜೆ ಬೇರೆ ಬೇರೆಯಾಗಿ ಇರಲಿ. ಪತ್ರ ಕೊಟ್ಟರೆ ಮುಗಿಯಲಿಲ್ಲ, ಅದಕ್ಕೆ ಸಹಿ ಹಾಕಿದವರು ಸಾಕ್ಷಿ ಹೇಳಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆಯಾಗಬೇಕು.

ತಿಂಗಳಿಗೆ 24,000 ಸಂಬಳ, 3 ತಿಂಗಳು ಪೂರ್ತಿ ಕಡಿತವಾದರೆ 72,000. ದಿನಗೂಲಿಯವರು, ಅಂಗಡಿಯವರು ದಾಖಲೆ ಇಲ್ಲವೆಂದು ಬಿಡಬೇಡಿ. ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ, ಅದು ನಿಜವಾದ ದುಡಿಮೆಗಿಂತ ಕಡಿಮೆ ಇರಬಹುದು ಅನ್ನಿ. ಯುಪಿಐ ಜಮೆಗಳ ಆರು ತಿಂಗಳ ಸ್ಟೇಟ್‌ಮೆಂಟ್ ಇದ್ದರೂ ಲಗತ್ತಿಸಿ.